ಟರ್ಮಿನಲ್‌ನೊಳಗಿನ ಕಿರ್ದಿ

ಲಿನಕ್ಸ್ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಏನನ್ನೋ ಇನ್‌ಸ್ಟಾಲ್ ಮಾಡಲು ಹೊರಟೆ, ಎರರ್ ಬಂತು, ಈಗ ಯಾವ ಕಮಾಂಡ್ ಕೊಡಬೇಕು? ಕೇಳುವವರಿಗೆ ಕಮಾಂಡ್ ಬೇಕು. ಆ ಎರರ್ ಏನು ಹೇಳಿತು ಎಂಬುದನ್ನು ಮಾತ್ರ ಹೆಚ್ಚಿನವರು ಬರೆದಿರುವುದಿಲ್ಲ, ಏಕೆಂದರೆ ಓದಿರುವುದಿಲ್ಲ. ಮಣಿಪಾಲ, ನಿಟ್ಟೆ, ಬಂಟಕಲ್ಲು ಎಂದು ಇಂಜಿನಿಯರಿಂಗ್ ಕಾಲೇಜುಗಳು ಹರಡಿಕೊಂಡಿರುವ ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷ ವರ್ಷವೂ ಮೊದಲ ಬಾರಿಗೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಳ್ಳುವ ಮಕ್ಕಳು ಇದ್ದೇ ಇರುತ್ತಾರೆ. ಅವರ ಕೈಗೆ ಮೊದಲು ಸಿಗುವುದು ಎಲ್ಲಿಂದಲೋ ನಕಲು ಮಾಡಿದ ನಾಲ್ಕು ಸಾಲು. ಅದು ಕೆಲಸ ಮಾಡಿದರೆ ಸರಿ, ಮಾಡದಿದ್ದರೆ ಇನ್ನೊಂದು ನಾಲ್ಕು ಸಾಲು, ಅದೂ ಆಗದಿದ್ದರೆ ಇಡೀ ಉಬುಂಟುವನ್ನೇ ಅಳಿಸಿ ಮತ್ತೆ ಹಾಕುವುದು. ಈ ದಾರಿ ತಪ್ಪು ಎಂದು ನನಗೆ ಅನ್ನಿಸಲು ಒಂದು ಕಾರಣವಿದೆ. ಆಪ್ಟ್‌ನಂಥ ಪ್ಯಾಕೇಜ್ ಮ್ಯಾನೇಜರನ್ನು ನಾವು ಡೌನ್‌ಲೋಡ್ ಮಾಡಿಕೊಡುವ ಯಂತ್ರವೆಂದು ತಿಳಿದುಕೊಂಡಿದ್ದೇವೆ. ಅದರ ಮುಖ್ಯ ಕೆಲಸ ಲೆಕ್ಕ ಬರೆಯುವುದು. ಅದು ತಕರಾರು ತೆಗೆಯುವುದು ಬಹುಮಟ್ಟಿಗೆ ಲೆಕ್ಕ ತಾಳೆಯಾಗದಿದ್ದಾಗ. ಹಾಗಿರುವಾಗ ರಿಪೇರಿ ಶುರುವಾಗಬೇಕಾದ್ದು ಪುಸ್ತಕ ಬಿಚ್ಚಿ ಓದುವುದರಿಂದ.

ಲೆಕ್ಕದ ಪುಸ್ತಕ ಎಂದರೆ ಏನೆಂದು ಉಡುಪಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ ಇದೇ ಊರಿನಲ್ಲಿ ಹುಟ್ಟಿದವು. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿಯ ಏಜೆಂಟರು ಮನೆಮನೆಗೆ ಹೋಗಿ ಪುಡಿಗಾಸನ್ನೂ ಅಂದಂದೇ ಬರೆದುಕೊಂಡರು. ಆ ಕಾಲದ ಗುಮಾಸ್ತರ ಮೇಜಿನ ಮೇಲೆ ಎರಡು ಬಗೆಯ ಪುಸ್ತಕ ಇರುತ್ತಿದ್ದವು. ದಿನದಿನದ ವ್ಯವಹಾರ ನಡೆದ ಕ್ರಮದಲ್ಲೇ ಬರೆಯುವ ಕಿರ್ದಿ ಒಂದು, ಯಾರ ಹೆಸರಿನಲ್ಲಿ ಎಷ್ಟಿದೆ ಎಂದು ತೋರಿಸುವ ಖತಾವಣಿ ಇನ್ನೊಂದು. ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟುವಿನೊಳಗೆ ಇವೆರಡೂ ಇವೆ. 1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಆರಂಭಿಸಿದ ಮೇಲೆ ಮೊದಲು ಬಂದದ್ದು ಡಿಪಿಕೆಜಿ ಎಂಬ ಸಲಕರಣೆ. ಯಾವ ಪ್ಯಾಕೇಜು ಯಾವ ಸ್ಥಿತಿಯಲ್ಲಿದೆ ಎಂಬ ಖತಾವಣಿ ಅದರ ವಶದಲ್ಲಿದೆ, 'ಸ್ಟೇಟಸ್' ಎಂಬ ಹೆಸರಿನ ಒಂದೇ ಕಡತದಲ್ಲಿ, ಯಾರೂ ತೆರೆದು ಓದಬಹುದಾದ ಸಾದಾ ಪಠ್ಯವಾಗಿ. ಮುಂದೆ 1999ರ ಹೊತ್ತಿಗೆ ಆಪ್ಟ್ ಬಂತು. ಒಂದು ಪ್ಯಾಕೇಜಿಗೆ ಬೇರೆ ಏನೇನು ಬೇಕೆಂದು ಹುಡುಕಿ, ಜಾಲದಿಂದ ತಂದು, ಡಿಪಿಕೆಜಿಯ ಕೈಗೆ ಒಪ್ಪಿಸುವುದು ಅದರ ಕೆಲಸ. ಅದು ಬರೆಯುವ ಕಿರ್ದಿಯ ಹೆಸರು 'ಹಿಸ್ಟರಿ' ಲಾಗ್. ಎಷ್ಟು ಗಂಟೆಗೆ, ಯಾವ ಬಳಕೆದಾರ, ಯಾವ ಕಮಾಂಡ್ ಕೊಟ್ಟ, ಅದರಿಂದ ಯಾವುದು ಒಳಗೆ ಬಂತು, ಯಾವುದು ಹೊರಗೆ ಹೋಯಿತು, ಎಲ್ಲವೂ ಅಲ್ಲಿ ಸಾಲುಸಾಲಾಗಿ ಇರುತ್ತದೆ.

ಇದು ಬರಿಯ ಹೋಲಿಕೆಯಲ್ಲ ಎಂದು ತೋರಿಸಲು ನಮ್ಮ ಅಕ್ಷರಗಳದ್ದೇ ಉದಾಹರಣೆ ಕೊಡುತ್ತೇನೆ. ಲಿನಕ್ಸ್ ಗಣಕದಲ್ಲಿ ಕನ್ನಡವೂ ಒಂದು ಪ್ಯಾಕೇಜಾಗಿಯೇ ಒಳಗೆ ಬರುವುದು. ಡೆಬಿಯನ್‌ನಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಎಂಬ ಪ್ಯಾಕೇಜಿದೆ. ಅದರೊಳಗೆ ಹುಡುಕಿದರೆ ಒಂದು ಅಕ್ಷರವೂ ಸಿಗುವುದಿಲ್ಲ. ಅದು ಲೋಹಿತ್, ಗುಬ್ಬಿಯಂಥ ಕನ್ನಡ ಫಾಂಟುಗಳ ಪ್ಯಾಕೇಜುಗಳನ್ನು ತನ್ನ ಜೊತೆಗೆ ಕರೆತರುವ ಒಂದು ಹೆಸರು ಮಾತ್ರ. ಗುಬ್ಬಿಯನ್ನೂ ನವಿಲನ್ನೂ ರೂಪಿಸಿ ಮುಕ್ತವಾಗಿ ಹಂಚಿದವರು ಅರವಿಂದ ವಿ.ಕೆ. ಕೀಲಿಮಣೆಯ ಕಥೆಯೂ ಹೀಗೆಯೇ. ಕಿನ್ನಿಕಂಬಳದ ಕೆ.ಪಿ. ರಾಯರು ರೂಪಿಸಿದ ಉಚ್ಚಾರಣೆಯ ವಿನ್ಯಾಸದ ತಳಹದಿಯ ಮೇಲೆ ನಿಂತ ಕಗಪ ವಿನ್ಯಾಸ ಬೇಕೆಂದರೆ 'ಐಬಸ್-ಎಮ್17ಎನ್' ಎಂಬ ಪ್ಯಾಕೇಜು ಹಾಕಬೇಕು. ಅದು ತನಗೆ ಬೇಕಾದ ಲೈಬ್ರರಿಯನ್ನೂ, ಕೀಲಿಗಳ ಕೋಷ್ಟಕಗಳಿರುವ ಇನ್ನೊಂದು ಪ್ಯಾಕೇಜನ್ನೂ ತಾನೇ ಎಳೆದು ತರುತ್ತದೆ. ನಾವು ಕೇಳಿದ್ದು ಒಂದು, ಬಂದದ್ದು ಹಲವು. ಇಲ್ಲಿ ಆಪ್ಟ್ ತನ್ನದೇ ಒಂದು ಪುಸ್ತಕದಲ್ಲಿ ಒಂದು ಸೂಕ್ಷ್ಮವನ್ನು ಕಾಯುತ್ತದೆ. ನೀವು ಹೆಸರು ಹೇಳಿ ಕೇಳಿದ್ದು ಯಾವುದು, ಅದರ ಬೆನ್ನಿಗೆ ತಾನಾಗಿ ಬಂದದ್ದು ಯಾವುದು ಎಂದು ಬೇರೆ ಬೇರೆ ಗುರುತು ಹಾಕಿಕೊಳ್ಳುತ್ತದೆ.

ಆ ಗುರುತು ಗೊತ್ತಿಲ್ಲದೆ ಆಗುವ ಅವಘಡವೊಂದನ್ನು ನೋಡಿ. ಫಾಂಟ್ಸ್-ಕೆಎನ್‌ಡಿಎ ಎಂಬುದು ಖಾಲಿ ಪ್ಯಾಕೇಜು ಎಂದು ಯಾರೋ ತೆಗೆದುಹಾಕುತ್ತಾರೆ. ಆ ಕ್ಷಣಕ್ಕೆ ಏನೂ ಆಗುವುದಿಲ್ಲ, ಅಕ್ಷರಗಳು ಹಾಗೆಯೇ ಕಾಣುತ್ತಿರುತ್ತವೆ. ಆಪ್ಟ್‌ನ ಆ ಪುಸ್ತಕದಲ್ಲಿ ಮಾತ್ರ ಗುಬ್ಬಿ ಮತ್ತು ಲೋಹಿತ್‌ಗಳನ್ನು ಕೇಳಿದವರು ಈಗ ಯಾರೂ ಇಲ್ಲ. ತಿಂಗಳು ಕಳೆದು ಡಿಸ್ಕ್ ತುಂಬಿತೆಂದು 'ಆಪ್ಟ್ ಆಟೋರಿಮೂವ್' ಕೊಟ್ಟಾಗ ಅದು ಆ ಫಾಂಟುಗಳ ಹೆಸರನ್ನೂ ಪಟ್ಟಿಯಲ್ಲಿ ತೋರಿಸಿ, ಮುಂದುವರಿಸಲೇ ಎಂದು ಕೇಳುತ್ತದೆ. ಪಟ್ಟಿ ಓದದೆ ವೈ ಒತ್ತಿದರೆ ಮುಗಿಯಿತು. ಬೇರೆ ಕನ್ನಡ ಫಾಂಟ್ ಇಲ್ಲದ ಗಣಕದಲ್ಲಿ ಕನ್ನಡವೆಲ್ಲ ಖಾಲಿ ಚೌಕಗಳಾಗುತ್ತದೆ. ಆಗ ಬ್ರೌಸರನ್ನು ಅಳಿಸಿ ಹಾಕುವವರು, ಭಾಷೆಯ ಸೆಟ್ಟಿಂಗ್ ಕೆದಕುವವರು, ಅಂತೂ ಇಂತೂ ಒಂದು ಸಂಜೆ ಕಳೆದುಬಿಡುತ್ತಾರೆ. ಕಿರ್ದಿ ತೆರೆದವರಿಗೆ ಐದು ನಿಮಿಷದ ಕೆಲಸ. ಯಾವ ದಿನ ಯಾವ ಕಮಾಂಡಿನಿಂದ ಆ ಫಾಂಟುಗಳು ಹೋದವು ಎಂದು ಅಲ್ಲಿ ಬರೆದಿರುತ್ತದೆ. ಮತ್ತೆ ಹಾಕಿಕೊಳ್ಳುವಾಗ ಫಾಂಟುಗಳನ್ನೇ ಹೆಸರಿಟ್ಟು ಕೇಳಿದರೆ, ಇಲ್ಲವೇ 'ಆಪ್ಟ್-ಮಾರ್ಕ್ ಮ್ಯಾನುಯಲ್' ಎಂದು ಗುರುತು ಬದಲಿಸಿದರೆ, ಅವು ಇನ್ನೊಮ್ಮೆ ಹೀಗೆ ಜಾರಿಹೋಗುವುದಿಲ್ಲ. ಇಷ್ಟರಲ್ಲಿ ಎಲ್ಲೂ ಬಾಯಿಪಾಠದ ಕಮಾಂಡ್ ಬೇಕಾಗಲಿಲ್ಲ ಎಂಬುದನ್ನು ಗಮನಿಸಬೇಕು. ಏನಾಗಿದೆ ಎಂದು ತಿಳಿದ ಮೇಲೆ ಏನು ಮಾಡಬೇಕೆಂಬುದು ತಾನಾಗಿ ಹೊಳೆಯಿತು.

ಕರಾವಳಿಯ ಮಳೆಗಾಲಕ್ಕೆ ಹೊಂದುವ ತೊಂದರೆ ಇನ್ನೊಂದಿದೆ. ಅಪ್‌ಗ್ರೇಡ್ ನಡೆಯುತ್ತಿದೆ, ಗಾಳಿಗೆ ಎಲ್ಲೋ ಮರ ಬಿತ್ತು, ಕರೆಂಟು ಹೋಯಿತು, ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಅಲ್ಲಿಗೇ ನಿಂತಿತು. ಮರುದಿನ ಆಪ್ಟ್ ಏನನ್ನೂ ಮಾಡಲು ಒಪ್ಪುವುದಿಲ್ಲ. ಡಿಪಿಕೆಜಿಯ ಕೆಲಸ ನಡುವೆ ನಿಂತಿದೆ ಎನ್ನುತ್ತದೆ, 'ಡಿಪಿಕೆಜಿ --ಕಾನ್ಫಿಗರ್ -ಎ' ಎಂಬ ಕಮಾಂಡ್ ಕೊಡಿ ಎಂದು ಮದ್ದನ್ನೂ ಅದೇ ಸಾಲಿನಲ್ಲಿ ಹೇಳುತ್ತದೆ. ಅದೇಕೆ ಹಾಗೆ ಎಂದು ತಿಳಿದುಕೊಂಡರೆ ಗಾಬರಿಯಾಗುವುದಿಲ್ಲ. ಪ್ರತಿ ಪ್ಯಾಕೇಜೂ ಎರಡು ಹಂತದಲ್ಲಿ ಕೂರುತ್ತದೆ: ಮೊದಲು ಕಡತಗಳನ್ನು ಬಿಚ್ಚಿ ಅವುಗಳ ಜಾಗದಲ್ಲಿ ಇಡುವುದು, ಆಮೇಲೆ ಅದನ್ನು ಈ ಗಣಕಕ್ಕೆ ಅಣಿಗೊಳಿಸುವುದು. ಕರೆಂಟು ಹೋದಾಗ ಕೆಲವು ಮೊದಲ ಹಂತದಲ್ಲೇ ಉಳಿದವು. 'ಡಿಪಿಕೆಜಿ -ಎಲ್' ಎಂದು ಪಟ್ಟಿ ತೆಗೆದರೆ ಸರಿಯಾಗಿ ಕೂತವುಗಳ ಎದುರು 'ಐಐ' ಎಂದೂ, ಬಿಚ್ಚಿ ಬಿಟ್ಟವುಗಳ ಎದುರು 'ಐಯು' ಎಂದೂ, ಅಣಿಗೊಳಿಸುವಾಗ ಮುಗ್ಗರಿಸಿದವುಗಳ ಎದುರು 'ಐಎಫ್' ಎಂದೂ ಇರುತ್ತದೆ. ಯಾವ ಕೆಲಸ ಎಲ್ಲಿ ನಿಂತಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇರೆ ಬೇಡ. ಹಾಸ್ಟೆಲ್ ವೈಫೈಯದ್ದು ಮತ್ತೊಂದು ಬಗೆ. ಲಾಗಿನ್ ಪುಟದಲ್ಲಿ ಹೆಸರು, ಪಾಸ್‌ವರ್ಡ್ ಕೊಡುವ ಮೊದಲೇ 'ಆಪ್ಟ್ ಅಪ್‌ಡೇಟ್' ಹೊಡೆದರೆ, ಪ್ಯಾಕೇಜುಗಳ ಪಟ್ಟಿಯ ಬದಲು ಆ ಲಾಗಿನ್ ಪುಟವೇ ಆಪ್ಟ್‌ನ ಕೈಗೆ ಬರುತ್ತದೆ. ಅದರ ಮೇಲೆ ಇರಬೇಕಾದ ಡಿಜಿಟಲ್ ಸಹಿ ಕಾಣದೆ ಆಪ್ಟ್ ನಿರಾಕರಿಸುತ್ತದೆ, ನಿರಾಕರಿಸುವಾಗ 'ಈ ಜಾಲಕ್ಕೆ ಲಾಗಿನ್ ಬೇಕಾಗಿದೆಯೇ?' ಎಂಬರ್ಥದ ಪ್ರಶ್ನೆಯನ್ನು ಕಂಸದಲ್ಲಿ ಕೇಳುತ್ತದೆ. ಉತ್ತರವನ್ನು ಅದೇ ಕೈಗಿಟ್ಟಿರುತ್ತದೆ. ಸಾಲಿನ ಕೊನೆಯವರೆಗೆ ಓದುವ ತಾಳ್ಮೆ ಬೇಕು, ಅಷ್ಟೇ.

ಎಲ್ಲಕ್ಕಿಂತ ಹಾನಿ ಮಾಡಿದ ಸಲಹೆ ಬೀಗದ ಕುರಿತಾದದ್ದು. ಆಪ್ಟ್ ಕೆಲಸ ಮಾಡುವಾಗ ಬೇರೆ ಯಾರೂ ಖತಾವಣಿಯಲ್ಲಿ ಬರೆಯದಂತೆ ಒಂದು ಬೀಗ ಹಾಕಿಕೊಳ್ಳುತ್ತದೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಉಬುಂಟು ತಾನಾಗಿಯೇ ಭದ್ರತೆಯ ಅಪ್‌ಡೇಟ್‌ಗಳನ್ನು ಹಾಕಿಕೊಳ್ಳಲು ತೊಡಗಿರಬಹುದು. ಅದೇ ಹೊತ್ತಿಗೆ ನೀವು ಏನನ್ನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಬೀಗ ಸಿಗಲಿಲ್ಲ ಎಂದು ಉತ್ತರ ಬರುತ್ತದೆ, ಬೀಗ ಯಾವ ಪ್ರೋಗ್ರಾಮಿನ ಕೈಯಲ್ಲಿದೆ ಎಂಬ ಹೆಸರು ಮತ್ತು ಸಂಖ್ಯೆಯೊಂದಿಗೆ. ಅದಕ್ಕೆ ಬೀಗದ ಕಡತವನ್ನೇ ಅಳಿಸಿ ಎಂಬ ಸಲಹೆ ಎಷ್ಟೋ ಕಡೆ ಓಡಾಡುತ್ತಿದೆ. ಒಬ್ಬ ಗುಮಾಸ್ತ ಬರೆಯುತ್ತಿರುವ ಪುಟದಲ್ಲಿಯೇ ಇನ್ನೊಬ್ಬನನ್ನು ಕೂರಿಸಿ ಬರೆಸಿದ ಹಾಗೆ ಅದು. ಸ್ಟೇಟಸ್ ಕಡತ ಕೆಟ್ಟರೆ ಗಣಕದಲ್ಲಿ ಏನಿದೆ ಏನಿಲ್ಲ ಎಂಬುದೇ ಗಣಕಕ್ಕೆ ತಿಳಿಯದಂತಾಗುತ್ತದೆ. ಹತ್ತು ನಿಮಿಷ ಕಾಯುವುದೇ ಅಲ್ಲಿ ಸರಿಯಾದ ರಿಪೇರಿ. ಖತಾವಣಿಯ ಹಳೆಯ ಪ್ರತಿಯೊಂದನ್ನು ಡಿಪಿಕೆಜಿ ಪಕ್ಕದಲ್ಲೇ ಇಟ್ಟಿರುತ್ತದೆ ಎಂಬುದು ನಿಜ. ಆದರೆ ಅದು ಅನಾಹುತವಾದ ಮೇಲಿನ ಮಾತು.

ಎರಡು ಕೈ ಒಂದೇ ಪುಸ್ತಕದಲ್ಲಿ ಬರೆಯುವ ಈ ಗೊಂದಲ ಹೆಚ್ಚಾಗಿ ಕಾಣುವುದು ಪೈಥಾನ್ ಕಲಿಯುವವರಲ್ಲಿ. ಉಬುಂಟುವಿನ ಎಷ್ಟೋ ಸಲಕರಣೆಗಳು ಪೈಥಾನಿನಲ್ಲೇ ಬರೆದಂಥವು, ಅವು ಆಪ್ಟ್ ತಂದಿಟ್ಟ ಪೈಥಾನ್ ಲೈಬ್ರರಿಗಳನ್ನು ನಂಬಿಕೊಂಡಿವೆ. ಪೈಥಾನಿಗೆ ಪಿಪ್ ಎಂಬ ತನ್ನದೇ ಪ್ಯಾಕೇಜ್ ಮ್ಯಾನೇಜರ್ ಕೂಡ ಇದೆ. ಅದು ಆಪ್ಟ್‌ನ ಖತಾವಣಿಯಲ್ಲಿ ಏನನ್ನೂ ಬರೆಯುವುದಿಲ್ಲ. ಮಷೀನ್ ಲರ್ನಿಂಗ್ ಪ್ರಾಜೆಕ್ಟಿಗೆಂದು ಮೇಲಧಿಕಾರ ಕೊಡುವ ಸುಡೋ ಹಾಕಿ ಪಿಪ್‌ನಿಂದ ತಂದ ಹೊಸ ಲೈಬ್ರರಿ ಹಳೆಯದಕ್ಕೆ ಅಡ್ಡವಾಗಿ ನಿಂತಾಗ ಆಪ್ಟ್‌ಗೆ ಅದು ಗೊತ್ತೇ ಇರುವುದಿಲ್ಲ. ಅದರ ಪುಸ್ತಕದ ಪ್ರಕಾರ ಎಲ್ಲವೂ ಸರಿಯಿದೆ. ಇನ್ನು ಕೆಲವರು ವ್ಯವಸ್ಥೆಯ ಪೈಥಾನನ್ನೇ ಹೊಸ ಆವೃತ್ತಿಗೆ ತಿರುಗಿಸಿಬಿಡುತ್ತಾರೆ, ಮರುದಿನ ಟರ್ಮಿನಲ್ಲೇ ತೆರೆಯುವುದಿಲ್ಲ. ಈ ಕಾರಣಕ್ಕೇ 2023ರಲ್ಲಿ ಬಂದ ಉಬುಂಟು 23.04 ಮತ್ತು ಡೆಬಿಯನ್ 12ರಿಂದ ಪಿಪ್ ವ್ಯವಸ್ಥೆಯ ಜಾಗದಲ್ಲಿ ಕೈಯಾಡಿಸಲು ನಿರಾಕರಿಸುತ್ತದೆ, ಈ ಜಾಗವನ್ನು ಬೇರೊಬ್ಬರು ನೋಡಿಕೊಳ್ಳುತ್ತಿದ್ದಾರೆ ಎಂದು ಕಾರಣ ಕೊಡುತ್ತದೆ, ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಿ ಎಂದು ದಾರಿಯನ್ನೂ ತೋರಿಸುತ್ತದೆ. ಆ ನಿರಾಕರಣೆಯನ್ನು ಮೀರಲು ಒಂದು ಆಯ್ಕೆ ಇದೆ. ಅದಕ್ಕೆ ಅವರು ಇಟ್ಟ ಹೆಸರು 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್', ಅಂದರೆ ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿ ಎಂದು. ಇಷ್ಟು ನೇರವಾಗಿ ಹೆಸರಿಟ್ಟ ಮೇಲೂ ಅದನ್ನು ಮದ್ದೆಂದು ಹಂಚುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಪ್ರಾಜೆಕ್ಟಿಗೊಂದು ಪ್ರತ್ಯೇಕ ಎನ್ವಿರಾನ್‌ಮೆಂಟ್ ಮಾಡಿಕೊಂಡರೆ ಪಿಪ್‌ಗೆ ತನ್ನದೇ ಪುಸ್ತಕ ಸಿಗುತ್ತದೆ. ಪ್ರಾಜೆಕ್ಟ್ ಮುಗಿದ ಮೇಲೆ ಆ ಫೋಲ್ಡರನ್ನು ಅಳಿಸಿದರೆ ಆಯಿತು, ಗಣಕಕ್ಕೆ ಒಂದು ಗೀರೂ ಬಿದ್ದಿರುವುದಿಲ್ಲ.

ಹೊರಗಿನ ಪ್ಯಾಕೇಜ್ ಭಂಡಾರಗಳ ಕಥೆಯೂ ಇದೇ. ಒಂದು ಸಾಫ್ಟ್‌ವೇರ್ ಬೇಕೆಂದು ಪಿಪಿಎ ಎಂಬ ಅಂಥದ್ದೊಂದು ಭಂಡಾರ ಸೇರಿಸುತ್ತಾರೆ. ಅದು ಉಬುಂಟು 22.04ಕ್ಕೆಂದು ಕಟ್ಟಿದ್ದು, ಇವರ ಗಣಕದಲ್ಲಿ ಇರುವುದು 24.04. ಅವಲಂಬನೆಗಳು ಕೂಡಿಬರುತ್ತಿಲ್ಲ ಎಂದು ಆಪ್ಟ್ ನಿಲ್ಲಿಸುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆಗಳಿಗೆ 'ಆಪ್ಟ್ ಪಾಲಿಸಿ' ಉತ್ತರ ಕೊಡುತ್ತದೆ: ಈಗ ಇರುವ ಆವೃತ್ತಿ ಯಾವುದು, ಹಾಕಲು ಹೊರಟಿರುವುದು ಯಾವುದು, ಅದು ಯಾವ ಭಂಡಾರದಿಂದ ಬರುತ್ತಿದೆ. ಆ ಮೂರು ಉತ್ತರ ನೋಡಿದರೆ ಯಾವ ಅತಿಥಿಯಿಂದ ಜಗಳ ಹುಟ್ಟಿತು ಎಂಬುದು ಹೆಚ್ಚಿನ ಸಲ ಕಣ್ಣಿಗೆ ಬೀಳುತ್ತದೆ. ಎರರ್ ಸಂದೇಶಗಳೇ ಒರಟು, ಸಾಮಾನ್ಯರಿಗೆ ಅರ್ಥವಾಗುವುದಿಲ್ಲ ಎಂಬ ಆಕ್ಷೇಪ ಇಲ್ಲಿ ಬರುವುದು ಸಹಜ, ಅದರಲ್ಲಿ ಹುರುಳಿದೆ. ಈ ಸಂದರ್ಭದಲ್ಲಿ ಆಪ್ಟ್ ಹೇಳುತ್ತಿದ್ದ 'ನೀವು ತಡೆಹಿಡಿದಿರುವ ಮುರಿದ ಪ್ಯಾಕೇಜುಗಳಿವೆ' ಎಂಬ ಮಾತು ಯಾರನ್ನೂ ದಾರಿ ತಪ್ಪಿಸುವಂಥದ್ದು, ಬಳಕೆದಾರ ಏನನ್ನೂ ತಡೆಹಿಡಿದೇ ಇರುವುದಿಲ್ಲ. ಸಂದೇಶಗಳು ಸುಧಾರಿಸಬೇಕು. 2025ರ ಆಗಸ್ಟಿನ ಡೆಬಿಯನ್ 13ರೊಂದಿಗೆ ಬಂದ ಆಪ್ಟ್ 3.0 ಬಣ್ಣಗಳಲ್ಲಿ, ಅಚ್ಚುಕಟ್ಟಾದ ಅಂಕಣಗಳಲ್ಲಿ ಪಟ್ಟಿ ತೋರಿಸುತ್ತದೆ, ತೆಗೆದುಹಾಕುವವುಗಳನ್ನು ಬೇರೆಯಾಗಿ ಎದ್ದು ಕಾಣುವಂತೆ ಇಡುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸಿನ ಡಿಎನ್‌ಎಫ್ ಆಪ್ಟ್ 3.0ಕ್ಕಿಂತ ಒಂದು ಹೆಜ್ಜೆ ಮುಂದಿದೆ, ಕಿರ್ದಿಯ ಒಂದು ನಮೂದನ್ನು ಸಂಖ್ಯೆ ಹೇಳಿ ಹಿಂದಕ್ಕೆ ತಿರುಗಿಸಬಹುದು. ಆದರೂ ಒರಟಾದ ಮಾತು ಮೌನಕ್ಕಿಂತ ಮೇಲು. ಚೆಂದದ ಸಾಫ್ಟ್‌ವೇರ್ ಅಂಗಡಿಯ ಕಿಟಕಿಯಲ್ಲಿ ಅದೇ ತೊಂದರೆಯಾದಾಗ 'ಏನೋ ತಪ್ಪಾಗಿದೆ' ಎಂಬಷ್ಟೇ ಉತ್ತರ ಬರುವುದುಂಟು.

ಇವತ್ತು ಎಐಯನ್ನು ಕೇಳಿದರೆ ಕಮಾಂಡ್ ಬರೆದುಕೊಡುತ್ತದಲ್ಲ, ಓದುವ ಹಂಗು ಏಕೆ ಎಂಬುದು ಈಗಿನ ಬಲವಾದ ಆಕ್ಷೇಪ. ಕೇಳಲಿ, ಅದರಲ್ಲಿ ತಪ್ಪಿಲ್ಲ. ಎರರ್‌ನ ಪೂರ್ತಿ ಪಠ್ಯ ಮತ್ತು ಆಪ್ಟ್ ಪಾಲಿಸಿಯ ಉತ್ತರ ಜೊತೆಗಿಟ್ಟು ಕೇಳಿದರೆ ಒಳ್ಳೆಯ ಉತ್ತರವೇ ಬರಬಹುದು. ಆದರೆ ವೈ ಒತ್ತುವ ಬೆರಳು ನಮ್ಮದು. 2021ರ ನವೆಂಬರಿನಲ್ಲಿ ಲಿನಸ್ ಸೆಬಾಸ್ಟಿಯನ್ ಎಂಬ ಹೆಸರಾಂತ ಯೂಟ್ಯೂಬರ್ ಪಾಪ್ ಓಎಸ್ ಎಂಬ ಲಿನಕ್ಸಿನಲ್ಲಿ ಸ್ಟೀಮ್ ಎಂಬ ಆಟಗಳ ಸಾಫ್ಟ್‌ವೇರ್ ಹಾಕಲು ಹೊರಟದ್ದನ್ನು ಲಕ್ಷಾಂತರ ಜನ ನೋಡಿದರು. ಪ್ಯಾಕೇಜುಗಳಲ್ಲಿದ್ದ ದೋಷದಿಂದಾಗಿ ಸ್ಟೀಮ್ ಹಾಕಬೇಕಾದರೆ ಡೆಸ್ಕ್‌ಟಾಪ್ ಪರಿಸರವನ್ನೇ ತೆಗೆಯಬೇಕು ಎಂದು ಆಪ್ಟ್ ಲೆಕ್ಕ ಹಾಕಿತ್ತು. ತೆಗೆಯಲಿರುವವುಗಳ ಪಟ್ಟಿ ಕೊಟ್ಟು, ಇದು ಅಪಾಯಕಾರಿ ಎಂದು ಎಚ್ಚರಿಸಿ, ಮುಂದುವರಿಯಬೇಕಿದ್ದರೆ 'ಹೌದು, ನಾನು ಹೇಳಿದಂತೆ ಮಾಡು' ಎಂಬರ್ಥದ ಇಡೀ ವಾಕ್ಯವನ್ನು ಟೈಪ್ ಮಾಡಿ ಎಂದಿತು. ಅವರು ಟೈಪ್ ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ಮೂಲದೋಷ ಅವರದ್ದಲ್ಲ, ಅದು ಆಮೇಲೆ ಸರಿಹೋಯಿತು, ಆಪ್ಟ್‌ನಲ್ಲಿಯೂ ಇಂಥ ತೆಗೆತಕ್ಕೆ ತಡೆ ಬಿಗಿಯಾಯಿತು. ಆದರೆ ಗಣಕದ ಬಗ್ಗೆ ದಿನವಿಡೀ ಮಾತಾಡುವವರೂ ಪಟ್ಟಿಯನ್ನು ದಾಟಿ ಹೋಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. ಪ್ರೋಗ್ರಾಮುಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಬಂದ ಮೇಲೆ ಇದೆಲ್ಲ ಹಳೆಯ ಕಾಲದ ವಿದ್ಯೆ ಎನ್ನುವವರಿಗೂ ಒಂದು ಮಾತು: ಡೆಬಿಯನ್, ಉಬುಂಟು ಆಧಾರಿತ ಇಮೇಜು ಕಟ್ಟುವ ಕಡತ ತೆರೆದು ನೋಡಿ, ಹೆಚ್ಚಿನ ಸಲ ಅದರ ಮೊದಲ ಸಾಲುಗಳಲ್ಲೇ ಆಪ್ಟ್ ಕೂತಿರುತ್ತದೆ.

ಭಂಡಾರದಲ್ಲಿ ಇರುವುದು ಹಳೆಯ ಆವೃತ್ತಿ, ಹೊಸದು ಬೇಕಾದವರು ಹೊರಗಿನಿಂದ ತರದೆ ಏನು ಮಾಡಬೇಕು ಎಂಬ ಪ್ರಶ್ನೆಗೂ ನಮ್ಮ ನೆಲದ ಉದಾಹರಣೆಯೇ ಸಿಗುತ್ತದೆ. 2024ರ ಸೆಪ್ಟೆಂಬರಿನ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ಉಬುಂಟು 24.04 ಬಂದದ್ದು ಅದೇ ವರ್ಷದ ಏಪ್ರಿಲಿನಲ್ಲಿ, ಲಿಪಿಗೆ ಜಾಗ ಸಿಗುವುದಕ್ಕಿಂತ ಸುಮಾರು ನಾಲ್ಕೂವರೆ ತಿಂಗಳು ಮೊದಲು. ಆ ಲಿಪಿಯಲ್ಲಿ ಬರೆಯಬೇಕೆನ್ನುವ ಕಾಪುವಿನ ಅಥವಾ ಕಾರ್ಕಳದ ವಿದ್ಯಾರ್ಥಿಗೆ ಫಾಂಟ್ ಒಂದೇ ಸಾಲದು. ಒತ್ತು, ಗುಣಿತಗಳನ್ನು ಜೋಡಿಸಿಕೊಡುವ ಹಾರ್ಫ್‌ಬಝ್ ಎಂಬ ಲೈಬ್ರರಿಗೂ ಆ ಲಿಪಿಯ ಪರಿಚಯ ಇರಬೇಕು. ಫಾಂಟಿನ ಮಟ್ಟಿಗೆ ದಾರಿ ಸುಲಭ. ತನ್ನ ಹೋಮ್ ಕೋಶದೊಳಗಿನ ಫಾಂಟುಗಳ ಜಾಗದಲ್ಲಿ ಆ ಕಡತ ಇಟ್ಟರೆ ಆಯಿತು, ಸುಡೋ ಬೇಡ, ಖತಾವಣಿಗೆ ಧಕ್ಕೆಯಿಲ್ಲ. ಹಾರ್ಫ್‌ಬಝ್ ಹಾಗಲ್ಲ, ಪರದೆಯ ಮೇಲೆ ಅಕ್ಷರ ಮೂಡಿಸುವ ಎಷ್ಟೋ ಪ್ರೋಗ್ರಾಮುಗಳು ಅದರ ಹೆಗಲ ಮೇಲೆ ನಿಂತಿವೆ. ಅದನ್ನು ಎಲ್ಲಿಂದಲೋ ತಂದು ಬಲವಂತವಾಗಿ ಕೂರಿಸಿದರೆ ತುಳು ಬರುವ ಮೊದಲು ಡೆಸ್ಕ್‌ಟಾಪ್ ಹೋಗಬಹುದು. ಅಲ್ಲಿ ಹೊಸ ಉಬುಂಟುವಿಗೆ ದಾಟುವುದು, ಇಲ್ಲವೇ ತನ್ನದೇ ಲೈಬ್ರರಿಗಳನ್ನು ಹೊತ್ತು ತರುವ ಫ್ಲ್ಯಾಟ್‌ಪ್ಯಾಕ್‌ನಂಥ ಪ್ರತ್ಯೇಕ ಡಬ್ಬಿಯಲ್ಲಿ ಆ ಒಂದು ಪ್ರೋಗ್ರಾಮನ್ನು ಓಡಿಸುವುದು ಸರಿಯಾದ ದಾರಿ. ಹೊಸದನ್ನು ತರಬೇಡಿ ಎಂದು ನಾನು ಹೇಳುತ್ತಿಲ್ಲ. ಅದರ ಮೇಲೆ ಎಷ್ಟು ಜನ ನಿಂತಿದ್ದಾರೆ ಎಂದು ನೋಡಿ ತನ್ನಿ.

ಭಂಡಾರವೇ ಮೋಸಹೋದರೆ? ಈ ಭಯ ಕಲ್ಪನೆಯದ್ದಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ಸಲಕರಣೆಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳದಾರಿ ಇದೆಯೆಂದು ಬಯಲು ಮಾಡಿದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಏಕೆ ಎಂದು ಹುಡುಕುತ್ತ ಹೋದವರಿಗೆ ಸಿಕ್ಕ ಸುಳಿವು ಅದು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಆ ಪ್ಯಾಕೇಜು ತಲುಪಿರಲಿಲ್ಲ, ಪರೀಕ್ಷೆಯ ಶಾಖೆಗಳಿಗೆ ತಲುಪಿತ್ತು. ಡೆಬಿಯನ್‌ನವರು ಆ ಶಾಖೆಗಳಲ್ಲಿ ಅದನ್ನು ಸರಿಪಡಿಸಿದ ಬಗೆ ನೋಡುವಂಥದ್ದು. ಪ್ಯಾಕೇಜ್ ಮ್ಯಾನೇಜರ್ ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ ತಾನಾಗಿ ಇಳಿಯುವುದಿಲ್ಲ. ಆದ್ದರಿಂದ ಹಳೆಯ ಸುರಕ್ಷಿತ ಪ್ಯಾಕೇಜಿಗೆ '5.6.1+ರಿಯಲಿ5.4.5' ಎಂದು ಹೆಸರಿಟ್ಟು ಕಳಿಸಿದರು. ಲೆಕ್ಕದ ಪ್ರಕಾರ ಅದು ಹೊಸದು, ಒಳಗಿರುವುದು ನಿಜವಾಗಿ 5.4.5 ಎಂದು ಹೆಸರೇ ಸಾರುತ್ತದೆ. ಅಂದು ಜಗತ್ತಿನ ಯಾವ ಮೂಲೆಯಲ್ಲಿದ್ದ ಡೆಬಿಯನ್ ಬಳಕೆದಾರರೂ ತಮ್ಮ ಖತಾವಣಿಗೆ ಒಂದು ಪ್ರಶ್ನೆ ಹಾಕಿ, ಆ ಕೆಟ್ಟ ಆವೃತ್ತಿ ತಮ್ಮಲ್ಲಿ ಇದೆಯೇ ಇಲ್ಲವೇ ಎಂದು ಕ್ಷಣದಲ್ಲಿ ತಿಳಿದುಕೊಳ್ಳಬಹುದಾಗಿತ್ತು. ಎಲ್ಲಿಂದಲೋ ಇಳಿಸಿಕೊಂಡು ಹೇಗೋ ಹಾಕಿಕೊಂಡ ಸಾಫ್ಟ್‌ವೇರಿಗೆ ಆ ಪ್ರಶ್ನೆ ಹಾಕಲು ಪುಸ್ತಕವೇ ಇರುವುದಿಲ್ಲ.

ಹಾಗಾಗಿ ಕಾಲೇಜುಗಳ ಲ್ಯಾಬುಗಳಲ್ಲಿ ಲಿನಕ್ಸ್ ಎಂದರೆ ಕಮಾಂಡುಗಳ ಪಟ್ಟಿ ಬರೆಸುವುದು, ಮೌಖಿಕದಲ್ಲಿ ಅವುಗಳ ಅರ್ಥ ಕೇಳುವುದು ಎಂಬ ಪದ್ಧತಿ ಇರುವಲ್ಲೆಲ್ಲ ಅದು ಬದಲಾಗಬೇಕೆಂದು ನನ್ನ ಆಸೆ. ಎರಡು ಗಂಟೆಯ ಒಂದು ಲ್ಯಾಬ್ ಸಾಕು. ಪ್ರತಿ ವಿದ್ಯಾರ್ಥಿಗೂ ಬೇಕೆಂದೇ ಕೆಡಿಸಿದ ಒಂದೊಂದು ವರ್ಚುವಲ್ ಗಣಕ ಕೊಡಲಿ. ಒಂದರಲ್ಲಿ ಕನ್ನಡ ಫಾಂಟು ಇಲ್ಲ, ಒಂದರಲ್ಲಿ ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದೆ, ಒಂದರಲ್ಲಿ 22.04ರ ಪಿಪಿಎ 24.04ರೊಳಗೆ ಕೂತಿದೆ, ಒಂದರ ಗಡಿಯಾರ ಎರಡು ದಿನ ಹಿಂದಿದ್ದು ಭಂಡಾರದ ಪಟ್ಟಿ 'ಇನ್ನೂ ಜಾರಿಗೆ ಬಂದಿಲ್ಲ' ಎಂದು ಆಪ್ಟ್ ತಕರಾರು ಮಾಡುತ್ತಿದೆ. ಮೊದಲ ಒಂದು ಗಂಟೆ ಸುಡೋ ಬಳಸುವಂತಿಲ್ಲ, ಓದುವುದು ಮಾತ್ರ. ಏನಾಗಿದೆ, ಯಾವ ದಿನ ಆಯಿತು, ಯಾವ ಕಮಾಂಡಿನಿಂದ ಆಯಿತು ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅರ್ಧ ಪುಟ ಬರೆದುಕೊಟ್ಟ ಮೇಲೆ ಸರಿಪಡಿಸಲು ಕೈಹಚ್ಚಲಿ. ಅಂಕಗಳಲ್ಲಿ ಹೆಚ್ಚಿನ ಪಾಲು ಆ ಅರ್ಧ ಪುಟಕ್ಕೇ ಇರಲಿ.